ಗೋಡೆಯಾಚೆಯ ಗ್ರಹ

ಅಕ್ಕಾ,

ಉಸಿರು ಕಟ್ಟಿದರೆ ಕೂಡಲೇ ಬಾಗಿಲು ತೆಗೆಯುತ್ತೇವೆ ಅಂದಿದ್ದರು ತಾಲೀಮು ಕೇಂದ್ರದವರು, ತೆಗೆಯಲಿಲ್ಲ. ಡಾಕ್ಟರು ಹೊರಗೇ ಕೂತಿರುತ್ತಾರೆ ಅಂದಿದ್ದರು, ಕುರ್ಚಿ ಮಾತ್ರ ಇತ್ತು. ಸತ್ಯ ಹೇಳುತ್ತೇವೆ ಅಂದಿದ್ದರು, ಇವತ್ತು ವಿಚಾರಣೆಗೆ ಕರೆದು ನಿಯಮ ಓದಿದರು.

ಕೆಂಪು ಗ್ರಹ ಮಂಗಳದಿಂದ ಭೂಮಿಗೆ ಮಾತು ಮುಟ್ಟಲು ಇಪ್ಪತ್ತು ನಿಮಿಷ ಬೇಕಂತೆ. ಆ ಬದುಕಿನ ತಾಲೀಮಿಗೆಂದೇ ನಿನ್ನನ್ನು ಶೆಡ್ಡಿನೊಳಗೆ ಮುಚ್ಚಿಟ್ಟಿದ್ದು. ಅದಕ್ಕೇ "ಗಾಳಿ ಸಾಲುತ್ತಿಲ್ಲ" ಅಂದ ನಿನ್ನ ಮಾತನ್ನೂ ಇಪ್ಪತ್ತು ನಿಮಿಷ ತಡೆದಿಟ್ಟರು. ಬಾಗಿಲು ತೆಗೆಯುವಷ್ಟರಲ್ಲಿ ನಿನ್ನ ಉಸಿರು ನಿಂತಿತ್ತು.

"ನಮ್ಮಕ್ಕ ಗೋಡೆಯಾಚೆ ಇದ್ದಳಲ್ಲ ಸಾರ್, ಯಾವ ಗ್ರಹದಲ್ಲಿದ್ದಳು?" ಅಂತ ಕೇಳಿದೆ.

"ತಾಲೀಮು ಅಂದಮೇಲೆ ತಾಲೀಮೇ ಕಣಮ್ಮ," ಅಂದರು ಕೇಂದ್ರದ ಮುಖ್ಯಸ್ಥರು.

"ಹಾಗಾದ್ರೆ ಸಾವೂ ತಾಲೀಮೇನ್ರೀ? ನಾಳೆ ಎದ್ದು ಬರ್ತಾಳಾ?" ಅಂತ ಶೆಡ್ಡು ಕಟ್ಟಿದ ವೆಲ್ಡರ್ ಕೂಗಿದ. ಅವನನ್ನು ಹೊರಗೆ ದಬ್ಬಿದರು.

ಒಳಗೆ ಹೋಗುವಾಗ ನೀನು, "ಬಂದಮೇಲೆ ಜಗಳ ಮುಂದುವರಿಸೋಣ ಕಣೇ," ಅಂದಿದ್ದೆ. ಯಾವ ಜಗಳ ಅಂತ ಅಮ್ಮ ಕೇಳುತ್ತಲೇ ಇದ್ದಾಳೆ. ನಾನು ಹೇಳಿಲ್ಲ.

ನಿನ್ನ ಜಾಗಕ್ಕೆ ಇನ್ನೊಬ್ಬಳನ್ನು ಆರಿಸಿದ್ದಾರೆ, ನಿಯಮ ಅದೇ. ಸೋಮವಾರ ಹತ್ತಕ್ಕೆ ಅವಳನ್ನು ಒಳಗೆ ಬಿಟ್ಟು ಬೀಗ ಹಾಕುತ್ತಾರೆ. ತಡೆಯಲು ನಾವಿರುವುದು ನಾನು, ಅಮ್ಮ, ಆ ವೆಲ್ಡರ್, ಅವನ ಗೆಳೆಯ, ನಾಲ್ಕೇ ಜನ, ಗೆಲ್ಲುವ ನಂಬಿಕೆ ಯಾರಿಗೂ ಇಲ್ಲ. ಆದರೂ ಸೋಮವಾರ ಬೆಳಿಗ್ಗೆ ಒಂಬತ್ತಕ್ಕೆ ಆ ಬಾಗಿಲಿಗೆ ಅಡ್ಡ ಕೂರುತ್ತೇವೆ.