ಜಿಡಗಾ ಏರಿನ ಕಲ್ಲು

ಅಪ್ಪಾ,

ಹೇರು ಹೊತ್ತು ಏರು ಹತ್ತಲಾರದ ನಿನ್ನ ಹಳೇ ಪಿಕಪ್ಪಿಗೆ ದೊಡ್ಡ ಗಾಡಿದು ಹಿಂದಿನ ಆಕ್ಸಲ್ ಹಾಕಿಸೇನಿ. ಮುಂದಿನ ಸುಗ್ಗಿಗೆ ನೋಡೂಣು ಅಂತಿದ್ದಿ, ಆ ಸುಗ್ಗಿಗೆ ನೀನೇ ಇರಲಿಲ್ಲ. ಆಳಂದದ ಗುರುಶಾಂತ ಮಿಸ್ತ್ರಿ, "ಮುದುಕಿಗೆ ಪೈಲ್ವಾನನ ಕಾಲು ಜೋಡಿಸು ಅಂತಿಯಲ್ಲವಾ ಪಲ್ಲವಿ" ಅಂತ ಬೈಕೋತನೇ ವೆಲ್ಡಿಂಗ್ ಹೊಡೆದ.

ಇವತ್ತು ತೊಗರಿ ಚೀಲ ಹೇರಿಕೊಂಡು ಹೊಂಟೆವು. ಚೀಲದ ಮ್ಯಾಲ ಅವ್ವ, ಓಣಿಯ ಹೆಣ್ಮಕ್ಕಳು. ಜಿಡಗಾ ಹಾದ್ಯಾಗಿನ ಏರು ಬಂತು. ನಾ ಗೇರ್ ಇಳಿಸಿದ್ದೇ ತಡ, ನೀ ಕಲಿಸಿದ ರೂಢಿಗೆ ಎಲ್ಲಾರೂ ದೂಡಾಕ ಅಂತ ಕೆಳಗ ಜಿಗಿದಾರ. ನನಗ ಗೊತ್ತೇ ಆಗಲಿಲ್ಲ. ಗಾಡಿ ಒಂದೇ ಉಸಿರಿಗೆ ಏರು ಹತ್ತಿಬಿಡ್ತು. "ನೋಡಿದ್ರೇನಬೇ" ಅಂತ ಹೆಮ್ಮಿಲೆ ತಿರುಗಿದರ ಹಿಂದ ಬರೇ ಚೀಲ. ದೂರ ಕೆಳಗ ಎಲ್ಲಾರೂ ನನ್ನ ಬೈಕೋತ, ನಗಕೋತ ಓಡಿ ಬರಾಕತ್ತಿದ್ದರು.

ಕಡೀಗೆ ಬಂದಾಕಿ ಅವ್ವ. ಗಾಡಿ ಹಿಂದಕ್ಕ ಜಾರಬಾರದಂತ ಗಾಲಿಗೆ ಇಡಾಕ ನೀ ಆಕಿಗೆ ಕೊಡತಿದ್ದ ಕಲ್ಲನ್ನ ಇವತ್ತು ತಾನೇ ತಗೊಂಡು ಹತ್ತಿದ್ದಳು; ಅದು ಇನ್ನೂ ಕೈಯಾಗೇ ಇತ್ತು.

"ಇನ್ನ ಅದು ಬ್ಯಾಡ ಬೇ, ಒಗದುಬಿಡು" ಅಂದೆ.

ಆಕಿ ಸೆರಗಿಲೆ ಕಲ್ಲಿನ ಧೂಳು ಒರಸಿದಳು. ಸೀಟಿನ ಕೆಳಗ ನೀ ಇಡತಿದ್ದ ಜಾಗದಾಗೇ ಇಟ್ಟು, "ನಡಿ, ಬಜಾರ ಮುಚ್ಚತದ" ಅಂದಳು.