ಅವರ ಮಾತೂ ಮುಗಿಯಲಿ

ಕೋಡಿ, ಕುಂದಾಪುರ
14 ಸೆಪ್ಟೆಂಬರ್ 2025

ಪ್ರೀತಿಯ ತಮ್ಮ ರತೀಶನಿಗೆ,

ನಿನ್ನ ಅಕ್ಕ ಪ್ರಫುಲ್ಲಾಳ ಆಶೀರ್ವಾದಗಳು. ಚೌತಿಗೆ ಮುಂಚೆಯೇ ಬರೆಯಬೇಕೆಂದಿದ್ದೆ. ಕಾಲೇಜಿನ ಗಲಾಟೆಯಲ್ಲಿ ಆಗಲಿಲ್ಲ, ಬೇಸರ ಮಾಡಿಕೊಳ್ಳಬೇಡ. ಫೋನ್ ಮಾಡಿದರೆ ನೀನು ಎತ್ತುವುದಿಲ್ಲ. ಕಾಗದವಾದರೆ ಮುಂಬೈಯ ಆ ಕ್ಯಾಂಟೀನಿನ ಕೆಲಸದ ನಡುವೆ ಒಮ್ಮೆಯಾದರೂ ಬಿಡಿಸಿ ನೋಡುತ್ತೀಯೆಂಬ ಆಸೆ. ಅಮ್ಮ ಹುಷಾರಾಗಿದ್ದಾಳೆ. ಬಂಗುಡೆ ಅಗ್ಗವಾಗಿದೆಯೆಂದು ದಿನಾ ಅದೇ ಸಾರು. ನನಗಂತೂ ಸಾಕಾಗಿದೆ.

ಗಲಾಟೆ ಎಂದೆನಲ್ಲ, ಅದನ್ನೇ ಹೇಳುತ್ತೇನೆ. ತೀರಿಹೋದ ಮುತ್ತಣ್ಣನ ಮಗಳು ಮೋಕ್ಷಿತಾ ಈಗ ನಮ್ಮ ಕಾಲೇಜಿನಲ್ಲಿ ಎರಡನೇ ವರ್ಷದ ಬಿ.ಎ. ಅವಳಿಗೆ ಕನ್ನಡ ಪಾಠ ಮಾಡುವವಳು ನಾನೇ. ಕಳೆದ ತಿಂಗಳು ಭಾಷಣ ಸ್ಪರ್ಧೆಯಿತ್ತು, ವಿಷಯ 'ಕಡಲು ಯಾರದ್ದು?' ಉಳಿದವರೆಲ್ಲ ಕಡಲನ್ನು ಹೊಗಳಿ ಕೂತರು. ಇವಳು ತನ್ನ ಅಪ್ಪ ಹೋಗಿದ್ದ ಬೋಟು ಮುಳುಗಿದ್ದನ್ನೇ ಎತ್ತಿದಳು. ಗಾಳಿಯ ಎಚ್ಚರಿಕೆ ಇದ್ದಾಗಲೂ ಬೋಟು ಕಳಿಸಿದ್ದೇಕೆ ಎಂದು ಕೇಳಿದಳು. ಕೊನೆಗೆ, ಹಾಗೆ ಕಳಿಸಿದವರು ಕೊಲೆಗಾರರು ಎಂದೂ ಅಂದುಬಿಟ್ಟಳು. ಹೆಸರು ಹೇಳಲಿಲ್ಲ. ಆದರೆ ಬೋಟಿನ ಮಾಲೀಕ ಲೀಲಾಧರಣ್ಣ ಈಗ ನಮ್ಮ ಆಡಳಿತ ಮಂಡಳಿಯಲ್ಲಿದ್ದಾರೆ. ಅವತ್ತು ಮುಂದಿನ ಸಾಲಿನಲ್ಲೇ ಕೂತಿದ್ದರು.

ಹೋದ ವರ್ಷದಿಂದ ನಮ್ಮಲ್ಲೊಂದು ನಿಯಮವಿದೆ. ಯಾರ ಭಾವನೆಗೂ ನೋವಾಗುವಂತೆ ಕಾಲೇಜಿನೊಳಗೆ ಮಾತಾಡಬಾರದು, ಆಡಿದರೆ ಅಮಾನತು. ಜಾತಿ, ಧರ್ಮದ ಹೆಸರಲ್ಲಿ ಹುಡುಗರು ಹೊಡೆದಾಡಿಕೊಂಡ ಮೇಲೆ ಒಳ್ಳೆಯ ಮನಸ್ಸಿನಿಂದಲೇ ಮಾಡಿದ್ದು. ಆದರೆ ಯಾರಿಗೂ ನೋವಾಗದ ಹಾಗೆ ಈ ಹುಡುಗಿ ತನ್ನ ಅಪ್ಪನ ಸಾವಿನ ಬಗ್ಗೆ ಮಾತಾಡುವುದು ಹೇಗೆ? ಬ್ರಹ್ಮಾವರದಿಂದ ಬಂದ ಹೊಸ ಪ್ರಿನ್ಸಿಪಾಲರು ಹೆದರಿ ಶಿಸ್ತು ಸಮಿತಿ ಕರೆದರು. ಅದರಲ್ಲಿ ನಾನೂ ಇದ್ದೆ.

"ಕೊಲೆಗಾರ ಅಂದ್ರೆ ಸಣ್ಣ್ ಮಾತಾ ಮೇಡಂ? ಅದ್ನ್ ಕೇಂಡ್ ನನ್ ಅಮ್ಮ ಉಂಬುದೇ ಬಿಟ್ಟಿರ್" ಎನ್ನುವಾಗ ಲೀಲಾಧರಣ್ಣನ ದನಿ ನಡುಗುತ್ತಿತ್ತು. ಅದು ನಾಟಕವಲ್ಲ ರತೀಶ.

ಪ್ರಿನ್ಸಿಪಾಲರು ಮೋಕ್ಷಿತಾಳ ಕಡೆ ತಿರುಗಿ, ಒಂದು ಕ್ಷಮಾಪಣೆ ಬರೆದುಕೊಟ್ಟುಬಿಡು, ಇಲ್ಲಿಗೇ ಮುಗಿಸೋಣ ಎಂದರು.

"ಆ ಒಂದ್ ಶಬ್ದಕ್ಕೆ ಕ್ಷಮೆ ಕೇಂತೆ ಸರ್, ಸಿಟ್ಟಗೆ ಬಂತ್" ಎಂದಳು. "ಆರೆ ಅಪ್ಪಯ್ಯ ಎಂತಕೆ ವಾಪಾಸ್ ಬರ್ಲಿಲ್ಲ ಅಂದ್ ಕೇಂಡದ್ದಕ್ಕೆ ಕೇಣುದಿಲ್ಲ."

ಆ ಶಬ್ದ ನನಗೂ ಚುಚ್ಚಿತ್ತು. ಏಕೆಂದು ನಿನಗೆ ಗೊತ್ತು. ಅವಳನ್ನು ಅಮಾನತು ಮಾಡಲು ಕೈ ಎತ್ತಿದ್ದರೆ ಯಾರೂ ನನ್ನನ್ನು ತಪ್ಪು ತಿಳಿಯುತ್ತಿರಲಿಲ್ಲ. ಎತ್ತಲಾಗಲಿಲ್ಲ.

"ಲೀಲಾಧರಣ್ಣ, ಈ ಹೆಣ್ಣಿನ್ ಬಾಯಿ ಮುಚ್ಚಿಸ್ರೆ ಊರಿನ್ ಬಾಯಿ ಮುಚ್ಚತ್ತಾ? ಜನ ಹಿಂದಿಂದ್ ಹೇಳುದ್ ಹೇಳ್ತ್ರ್. ನೀವೂ ಬನ್ನಿ, ಅದೇ ಮೈಕಿನೆದ್ರ್ ನಿಂತ್ಕಂಡ್ ನಿಮ್ ಮಾತ್ ಹೇಳಿ" ಎಂದೆ.

ಅವರು "ಕಾಂಬ" ಎಂದರು, ಬರುತ್ತೇನೆಂದೂ ಇಲ್ಲವೆಂದೂ ಹೇಳದೆ ಎದ್ದು ಹೋದರು. ಬರಲಿಕ್ಕಿಲ್ಲ ಎಂದುಕೊಂಡೆ.

ಬಂದರು ಮಾರಾಯ! ಕಳೆದ ಬುಧವಾರ ಸಭಾಂಗಣ ತುಂಬಿತ್ತು, ಊರಿನವರೂ ಬಂದಿದ್ದರು. ಅವರು ಬಾಯಿ ತೆರೆಯುವಷ್ಟರಲ್ಲಿ ಹಿಂದಿನ ಬೆಂಚಿನಿಂದ ಶಿರೂರಿನ ಕಡೆಯ ಹುಡುಗರು ಕೂಗು ಹಾಕತೊಡಗಿದರು. ಪ್ರಿನ್ಸಿಪಾಲರ ಮುಖ ಬಿಳುಚಿತು. ಆಗ ಎದ್ದವಳು ಮೋಕ್ಷಿತಾ.

"ಹ್ವಾಯ್, ಸುಮ್ನಿರಿ! ನನ್ ಮಾತ್ ನಿಲ್ಸ್ಬೇಡಿ ಅಂದವ್ಳ್ ನಾನ್. ಅವ್ರ್ ಮಾತೂ ಮುಗೀಲಿ."

ಸಭೆ ತಣ್ಣಗಾಯಿತು. ಲೀಲಾಧರಣ್ಣ ಎರಡು ಸಲ ನೀರು ಕುಡಿದು ಹೇಳಿದರು. ಫೋನಿಗೆ ಎಚ್ಚರಿಕೆ ಬರುವಷ್ಟರಲ್ಲಿ ಬೋಟು ಅಳಿವೆ ದಾಟಿ ಕಡಲಿಗಿಳಿದಿತ್ತಂತೆ. ಹಿಂದಿನ ದಿನವೇ ಟಿ.ವಿ.ಯಲ್ಲಿ ಹೇಳಿದ್ದನ್ನು ತಾನು ಹಗುರ ಮಾಡಿದ್ದು ನಿಜವಂತೆ. "ಅದ್ ನನ್ ತಪ್ಪೇ. ಆರೆ ಸಾಯ್ಲಿ ಅಂದ್ ಕಳ್ಸಿದ್ದಲ್ಲ ಹೆಣೆ" ಎಂದರು. ಇಷ್ಟು ದಿನ ಯಾರ ಮುಂದೆಯೂ ಅವರು ಅಷ್ಟು ಹೇಳಿರಲಿಲ್ಲ. ಮೋಕ್ಷಿತಾ ಅತ್ತಳು. ಆದರೆ ತಲೆ ತಗ್ಗಿಸಿ ಅಲ್ಲ, ಅವರನ್ನೇ ನೋಡುತ್ತ.

ಅಮಾನತು ಆಗಲಿಲ್ಲ. ನಿಯಮವನ್ನೂ ತಿದ್ದಿ ಬರೆಯುತ್ತಿದ್ದೇವೆ, ಈ ಸಲ ವಿದ್ಯಾರ್ಥಿಗಳನ್ನೂ ಕೂರಿಸಿಕೊಂಡು. ಬೆದರಿಕೆ ಹಾಕುವಂತಿಲ್ಲ, ಜಾತಿ ಹಿಡಿದು ಬೈಯುವಂತಿಲ್ಲ. ಆದರೆ ಪ್ರಶ್ನೆ ಕೇಳಿದ್ದಕ್ಕೆ ಶಿಕ್ಷೆಯಿಲ್ಲ. ದಿನಾ ಜಗಳವಾಗುತ್ತಿದೆ. ನನಗೆ ಆ ಜಗಳವೇ ಚೆನ್ನಾಗಿದೆ.

ಹೊತ್ತು ಹೊತ್ತಿಗೆ ಊಟ ಮಾಡು. ಅಮ್ಮನ ಹಾರೈಕೆ ಯಾವಾಗಲೂ ನಿನ್ನ ಮೇಲಿದೆ. ದೇವರು ನಿನ್ನ ಮನಸ್ಸಿಗೆ ನೆಮ್ಮದಿ ಕೊಡಲಿ.

ನಿನ್ನ ಅಕ್ಕ,
ಪ್ರಫುಲ್ಲಾ

ತಾ.ಕ.: ಲೀಲಾಧರಣ್ಣ ಇನ್ನೊಂದು ಮಾತೂ ಹೇಳಿದರು. ಮೇಲೆ ಬರೆಯಲು ಕೈ ಬರಲಿಲ್ಲ. "ಬೋಟ್ ತಿರ್ಗ್ಸಿ ಅಂದ್ ಫೋನಗೆ ಹೇಳ್ದೆ. ಎಂತಕೆ ತಿರ್ಗ್ಸ್ಲಿಲ್ಲ ಅಂದ್ ಬೋಟಗಿದ್ದರಿಗೇ ಗೊತ್ತ್" ಎಂದರು. ಊರಿನವರೆಲ್ಲ ನನ್ನತ್ತ ತಿರುಗಿ ನೋಡಿದರು. ಬೋಟಿನಲ್ಲಿದ್ದ ಇಬ್ಬರಲ್ಲಿ ಮುತ್ತಣ್ಣ ಹೋದರು, ಚುಕ್ಕಾಣಿ ಹಿಡಿದಿದ್ದ ನೀನು ಈಜಿ ಬಂದೆ. ಆಸ್ಪತ್ರೆಯಿಂದ ಬಂದವನು ಅಮ್ಮನ ಹತ್ತಿರವೂ ಒಂದು ಮಾತಾಡದೆ ರೈಲು ಹತ್ತಿದೆ. ಸಭೆ ಮುಗಿದ ಮೇಲೆ ಮೋಕ್ಷಿತಾ ನನ್ನ ಬಳಿ ಬಂದು, "ಮೇಡಂ, ರತೀಶಣ್ಣ ಊರಿಗ್ ಬಂದ್ರೆ ಹೇಳಿ. ಬೈಯುಕಲ್ಲ. ಅಪ್ಪಯ್ಯ ಕಡೀಗ್ ಎಂತ ಹೇಳ್ರ್ ಅಂದ್ ಕೇಣ್ಕ್, ಅಷ್ಟೆ" ಎಂದಳು. ತಪ್ಪು ನಿನ್ನದಿರಲಿ, ಇಲ್ಲದಿರಲಿ, ನಾನು ನಿನ್ನ ಅಕ್ಕನೇ. ಯಾವ ರೈಲೆಂದು ಒಂದು ಮೆಸೇಜ್ ಹಾಕು, ಸ್ಟೇಷನ್ನಿಗೆ ನಾನೇ ಬರುತ್ತೇನೆ.