ಕಷಾಯ ಕಹಿಯಾಯ್ತಂತೆ

ಬಿನ್ ಒಮ್ರಾನ್, ದೋಹಾ
೧೦ ಮೇ ೨೦೨೪, ಶುಕ್ರವಾರ

ಪ್ರೀತಿಯ ಎಡ್ನಕ್ಕನಿಗೆ,

ನಿನ್ನ ತಮ್ಮ ಗೇಬ್ರಿಯಲ್ ಮಾಡುವ ನಮಸ್ಕಾರಗಳು. ದಿನಾ ಫೋನಿನಲ್ಲಿ ಸಿಗುವವನು ಇದೇನು ಕಾಗದ ಬರೆಯಲು ಕುಳಿತ ಎಂದು ನಗಬೇಡ. ತಡವಾಯಿತು, ಅದಕ್ಕೆ ಬೇಕಾದರೆ ಬೈಯಿ, ಬೈಸಿಕೊಳ್ಳುತ್ತೇನೆ. ನಿನ್ನ ಮಗ ರಸೆಲ್‌ನ ವಿಷಯ ಒಂದು ಮಾತು ತಲುಪಿಸಬೇಕು. ಫೋನಿನಲ್ಲಿ ಅದು ನನ್ನ ಬಾಯಿಂದ ಹೊರಡುವುದೇ ಇಲ್ಲ. ನೀನು "ಮಗ ಹೇಗಿದ್ದಾನೆ?" ಅನ್ನುತ್ತೀ, ನಾನು "ಜ್ವರ ಇಳೀತಾ ಉಂಟು" ಅನ್ನುತ್ತೇನೆ. ಥೂ, ನನ್ನ ಬಾಯಿಗಿಷ್ಟು!

ಬೆಳಗಿನ ಪೂಜೆಗೆ ಹೋಗಿ ಬಂದೆವು. ಬಿಸಿಲು ಆಗಲೇ ನೆತ್ತಿ ಸುಡುತ್ತಿದೆ. ನನ್ನ ಮೈರಾ ಶಾಲೆಗೆಂದು ಹಳೆಯ ಪರ್ಷಿಯಾದ ಅಂಚೆಯ ಚಾರ್ಟ್ ಮಾಡುತ್ತಿದ್ದಾಳೆ. ಬೇರೆ ಯಾರೂ ಅಲ್ಲ, ಈ ಸಮುದ್ರದ ಆಚೆ ದಡದವರೇ. ಆ ರಾಜರ ದಾರಿಯುದ್ದಕ್ಕೂ ಒಂದೊಂದು ದಿನದ ಪಯಣಕ್ಕೆ ಒಂದೊಂದು ತಂಗುದಾಣ, ಅಲ್ಲಿ ಹೊಸ ಕುದುರೆ, ಹೊಸ ಸವಾರ. ಒಬ್ಬ ತಂದುಕೊಟ್ಟದ್ದನ್ನು ಇನ್ನೊಬ್ಬ ಹಿಡಿದುಕೊಂಡು ಓಡಬೇಕು.

"ಡ್ಯಾಡಿ, ಕುದುರೆ ಚೇಂಜ್, ಮ್ಯಾನ್ ಚೇಂಜ್, ಮೆಸೇಜ್ ನೋ ಚೇಂಜ್," ಅಂದಳು. ಅವಳ ಕನ್ನಡ ಕೇಳಿದ್ದರೆ ನಮ್ಮ ಮೇಷ್ಟ್ರು ಬೆತ್ತ ಹುಡುಕುತ್ತಿದ್ದರು.

"ಹಿಂದಿನ ಸವಾರ ಬರಲೇ ಇಲ್ಲಾಂದ್ರೆ?" ಎಂದು ಕೇಳಿದೆ.

"ಮುಂದಿನವನು ಅಲ್ಲೇ ವೇಟ್ ಮಾಡ್ತಾನೆ. ಮೆಸೇಜ್ ಬರದೆ ಹೋಗ್ಲಿಕ್ಕೆ ಇಲ್ಲ."

ನನಗೆ ಆ ಚಾರ್ಟ್ ನೋಡಲಾಗಲಿಲ್ಲ. ಅಡುಗೆಮನೆಗೆ ಹೋಗಿ ನೀರು ಕುಡಿದೆ.

ನಮ್ಮ ಅಂಚೆ ಹೇಗೆ ನಡೆಯಿತು, ಕೇಳು. ಕಳೆದ ತಿಂಗಳು ನಮ್ಮ ಆಫೀಸಿನ ಕಜೆತಾನನಿಗೆ ನಾನು ಒಂದೇ ಶಬ್ದ ಹೇಳಿದೆ. ಅವನ ಹೆಂಡತಿ ಜೂಲಿಯೆಟ್ ನಿನ್ನ ಪಕ್ಕದ ಮನೆಯವಳು, ಬಂದು ಕೈಹಿಡಿದು ತಿಳಿಸಲಿ ಎಂದು. ಕಜೆತಾನ್ ಅದನ್ನು ನುಂಗಿಕೊಂಡು ಅವಳಿಗೆ "ರಸೆಲ್ ಸೀರಿಯಸ್" ಎಂದ. ಗಲ್ಫಿನವರ ನಡುವೆ ಆ ಶಬ್ದಕ್ಕೆ ಏನರ್ಥ ಎಂದು ನಿನಗೆ ಗೊತ್ತು. ಅಪ್ಪ ತೀರಿಕೊಂಡಾಗ ನೀನೇ ನನಗೆ ಫೋನ್ ಮಾಡಿ "ಅಪ್ಪ ಸೀರಿಯಸ್, ಹೊರಟು ಬಾ" ಅಂದಿದ್ದೆ. ಜೂಲಿಯೆಟ್ ನಿನ್ನ ಅಂಗಳದವರೆಗೆ ಬಂದಳು, ನಿನ್ನ ಮುಖ ನೋಡಿದಳು, "ಜ್ವರವಂತೆ, ಮೊಬೈಲೂ ಕೆಟ್ಟಿದೆಯಂತೆ" ಎಂದು ಹೇಳಿ ಹೋದಳು. ನೀನು ಕಷಾಯದ ಪುಡಿ ಹುರಿದು ಕುಟ್ಟಿ ಕಳಿಸಿದೆ.

ಮುಂದಿನದು ನನ್ನ ತಲೆಗೆ ಹತ್ತುತ್ತಿಲ್ಲ. ಆ ಪುಡಿ ಊರಿನ ಯಾರದೋ ಚೀಲದಲ್ಲಿ ಬಂತು. ವ್ಯಾನ್ ಓಡಿಸುವ ಉಳ್ಳಾಲದ ಶಿಹಾಬ್ ಅದನ್ನು ಏರ್‌ಪೋರ್ಟಿನಲ್ಲಿ ಇಸಕೊಂಡು ಬರ್ವಾ ಅಲ್ ಬರಾಹಾಕ್ಕೆ, ರಸೆಲ್ ಇದ್ದ ಕೆಲಸಗಾರರ ಕ್ಯಾಂಪಿಗೆ ಒಯ್ದ. ಅವನ ಕಿವಿಗೆ ಬಿದ್ದದ್ದೂ ಜ್ವರದ ಸುದ್ದಿಯೇ. ಮಾರನೆಯ ದಿನ ನೀನು ನಗುತ್ತಾ "ಕಷಾಯ ಕಹಿಯಾಯ್ತಂತೆ ಅವನಿಗೆ, ಬೆಲ್ಲ ಬೇಕಂತೆ!" ಅಂದೆಯಲ್ಲ, ನಾನು ಫೋನ್ ಇಟ್ಟುಬಿಟ್ಟೆ. ನಿನಗೆ ಹೇಳಿದವಳು ಜೂಲಿಯೆಟ್. ಅವಳಿಗೆ ಫೋನಿನಲ್ಲಿ ಹೇಳಿದವನು ಶಿಹಾಬ್; ಕಜೆತಾನನ ಮಾತೇ ತಪ್ಪಿರಬೇಕೆಂದು ಅವಳು ನಂಬಿದಳಂತೆ. ಅವನನ್ನು ಹಿಡಿದು ಕೇಳಿದೆ.

"ಅವನ ಕೈಗೇ ಕೊಟ್ಟದ್ದು ಸಾರ್. ನೀಲಿ ಯೂನಿಫಾರ್ಮಿನಲ್ಲಿ ಗೇಟಿನ ಹತ್ರ ನಿಂತಿದ್ದ. ಮರುದಿನ ಬೆಳಿಗ್ಗೆಯೂ ಸಿಕ್ಕಿದ, ಕಹಿ ಉಂಟು ಅಂತ ಹೇಳಿದ. ಊರಿಗೆ ಯಾವಾಗ ಮಾರಾಯಾ ಅಂತ ಕೇಳಿದೆ. ಅಮ್ಮನ ಮಾತು ಬರ್ಬೇಕು, ಬಂದ ಕೂಡ್ಲೇ ಹೊರಡುದು ಅಂದ."

"ನೀನು ಬೇರೆ ಯಾರನ್ನೋ ನೋಡಿದ್ದು."

"ಎಂತ ಸಾರ್ ನೀವು! ಎಡಗೈಯಲ್ಲಿ ತಗೊಂಡ. ರಸೆಲ್ ಅಲ್ಲದೆ ಮತ್ಯಾರು?"

ಎಡಗೈ ಮುಂದೆ ಮಾಡಬೇಡ ಎಂದು ನೀನು ಅವನಿಗೆ ಎಷ್ಟು ಬೈದಿದ್ದೀ. ಹೆದರಿದೆ ಅಕ್ಕ, ಸುಳ್ಳು ಯಾಕೆ ಹೇಳಲಿ. ಕ್ಯಾಂಪಿನಲ್ಲಿ ರಸೆಲ್‌ನ ರೂಮಿಗೆ ಹೋಗಿ ನೋಡಿದೆ. ಅವನ ಹಾಸಿಗೆ ಸುತ್ತಿಟ್ಟಿದ್ದರು, ಕಪಾಟಿನ ಮೇಲೆ ನಿನ್ನ ಡಬ್ಬಿ ಇತ್ತು. ಪುಡಿ ಅರ್ಧಕ್ಕಿಳಿದಿತ್ತು. ಪಕ್ಕದ ಚಮಚ ಇನ್ನೂ ಒದ್ದೆ.

ಇವತ್ತು ಮಧ್ಯಾಹ್ನ ಶಿಹಾಬ್ ರಜೆಯ ಮೇಲೆ ಮಂಗಳೂರಿಗೆ ಹೊರಟಿದ್ದಾನೆ. ಇದನ್ನು ಲಕೋಟೆಗೆ ಹಾಕಿ ಅಂಟಿಸಿ ಅವನ ಕೈಲಿ ಕೊಡುತ್ತೇನೆ. ನಿನ್ನ ಕೈಗೇ ತಲುಪಿಸಬೇಕು ಎಂದಿದ್ದೇನೆ, ಒಳಗೇನಿದೆ ಎಂದು ಹೇಳಿಲ್ಲ. ಓದುವಾಗ ಜೂಲಿಯೆಟ್‌ಳನ್ನು ಕರೆದು ಪಕ್ಕದಲ್ಲಿ ಕೂರಿಸಿಕೋ. ಮಾತೆ ಮರಿಯಮ್ಮ ನಿನ್ನನ್ನು ತನ್ನ ಸೆರಗಿನೊಳಗೆ ಇಟ್ಟುಕೊಳ್ಳಲಿ.

ನಿನ್ನ ತಮ್ಮ,
ಗೇಬ್ರಿಯಲ್

ತಾ.ಕ.: ಇಷ್ಟು ಬರೆದೂ ಆ ಶಬ್ದ ಬರೆದಿಲ್ಲ, ನೋಡು. ರಸೆಲ್ ಸತ್ತುಹೋದ, ಅಕ್ಕ. ಈಸ್ಟರ್ ಆದ ಮರುವಾರ, ಕೆಲಸದ ಜಾಗದಲ್ಲಿ ಎದೆ ಹಿಡಿದುಕೊಂಡು ಕುಸಿದ. ಗುರುತು ಹೇಳಲು ನಾನೇ ಹೋಗಿದ್ದೆ, ಹಣೆ ಮುಟ್ಟಿ ಬಂದೆ. ಇನ್ನೂ ಶವಾಗಾರದ ತಂಪಿನಲ್ಲಿದ್ದಾನೆ. ತಾಯಿಯ ಒಪ್ಪಿಗೆ ಬರದೆ ಅವನನ್ನು ಇಲ್ಲಿಂದ ಕಳಿಸುವುದಿಲ್ಲವಂತೆ.

ಶಿಹಾಬ್ ಬಂದು ಬಾಗಿಲಲ್ಲೇ ನಿಂತಿದ್ದಾನೆ. "ಯಲ್ಲಾ ಸಾರ್, ಬೇಗ ಕೊಡಿ. ಏರ್‌ಪೋರ್ಟಿನವರೆಗೆ ನಾನೂ ಬರ್ತೇನೆ ಅಂತ ರಸೆಲ್ ಹಟ ಮಾಡಿದ. ಕೆಳಗೆ ವ್ಯಾನಿನಲ್ಲಿ ಅವನೊಬ್ಬನೇ ಕೂತಿದ್ದಾನೆ," ಅನ್ನುತ್ತಿದ್ದಾನೆ. ಕೆಳಗೆ ಹಾರ್ನ್ ಹೊಡೆಯುವುದು ಕೇಳುತ್ತಿದೆ. ಕಿಟಕಿಯ ಪರದೆ ಸರಿಸಲು ನನ್ನಿಂದಾಗದು. ಬೆಲ್ಲ ಕಳಿಸಬೇಡ ಅಕ್ಕ. "ಬಾ ಮಗಾ" ಎಂದು ಒಂದು ಮಾತು ಹೇಳಿಬಿಡು.